ಮೂರು ಸಲ ಮುಗಿಸಿದ ಟಾಸ್ಕ್ ಮತ್ತೆ ತೆರೆದುಕೊಂಡಿದೆ: ‘ಮುಗಿಯಿತು’ ಎಂದು ಹೇಳುವುದು ಯಾವಾಗ?

ಪ್ರಶ್ನೆ — ಸೂಚಿಕಾರ

ನಮಸ್ಕಾರ. ಬೆಂಗಳೂರಿನಲ್ಲಿ ಐದು ಜನರ ಸಣ್ಣ ತಂಡವೊಂದರಲ್ಲಿ ನಾನು ಡೆವಲಪರ್ ಆಗಿದ್ದೇನೆ. ಖಾಸಗಿ ಗ್ರಂಥಾಲಯವೊಂದರ ಕನ್ನಡ ಪುಸ್ತಕಗಳ ಸೂಚಿಯನ್ನು ಓದುಗರು ಮನೆಯಿಂದಲೇ ನೋಡುವಂತೆ ಮಾಡುವುದು ನಮಗೆ ಒಪ್ಪಿಸಿರುವ ಕೆಲಸ. ನನ್ನ ಪಾಲಿಗೆ ಬಂದ ಕೆಲಸದ ಚೀಟಿ, ಅಂದರೆ ಟಿಕೆಟ್‌ನಲ್ಲಿ ಒಂದೇ ವಾಕ್ಯವಿತ್ತು: ‘ಓದುಗರು ಪುಸ್ತಕದ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ಹುಡುಕಲು ಸಾಧ್ಯವಾಗಬೇಕು.’ ನಾಲ್ಕು ದಿನದ ಕೆಲಸ ಎಂದು ಅಂದಾಜು ಕೊಟ್ಟೆ. ನಾಲ್ಕೇ ದಿನದಲ್ಲಿ ಕೋಡ್ ಬರೆದೆ, ಟೆಸ್ಟ್‌ಗಳು ಹಸಿರಾದವು, ರಿವ್ಯೂ ಮಾಡಿದವರು ಒಪ್ಪಿದರು. ಟಿಕೆಟನ್ನು ‘ಡನ್’ ಕಾಲಮ್ಮಿಗೆ ಎಳೆದು ನೆಮ್ಮದಿಯಿಂದ ಮನೆಗೆ ಹೋದೆ.

ಮರುವಾರ ಗ್ರಂಥಪಾಲಕರು ‘ಕೊಡಗು’ ಎಂದು ಹುಡುಕಿ, ಕಪಾಟಿನಲ್ಲಿ ಕಣ್ಣೆದುರಿಗೇ ಇರುವ ಎಷ್ಟೋ ಪುಸ್ತಕಗಳು ತೆರೆಯ ಮೇಲೆ ಬರುತ್ತಿಲ್ಲವೆಂದು ತಿಳಿಸಿದರು. ಕೆದಕಿ ನೋಡಿದರೆ, ‘ಕೊ’ ಅಕ್ಷರದಲ್ಲಿರುವ ಒಕಾರದ ಚಿಹ್ನೆ ಕೆಲವು ದಾಖಲೆಗಳಲ್ಲಿ ಒಂದೇ ಸಂಕೇತವಾಗಿಯೂ, ಇನ್ನು ಕೆಲವುಗಳಲ್ಲಿ ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಕುಳಿತಿತ್ತು. ಕಣ್ಣಿಗೆ ಎರಡೂ ಒಂದೇ. ಅಕ್ಷರಗಳಿಗೆ ಗಣಕ ಸಂಕೇತ ನಿಗದಿಪಡಿಸುವ ಯೂನಿಕೋಡ್ ಮಾನದಂಡ ಕೂಡ ಎರಡನ್ನೂ ಸಮಾನವೆಂದೇ ಪರಿಗಣಿಸುತ್ತದೆ. ಆದರೆ ಬೈಟ್‌ಗಳನ್ನಷ್ಟೇ ಹೋಲಿಸುತ್ತಿದ್ದ ನನ್ನ ಕೋಡಿಗೆ ಅವು ಬೇರೆ ಬೇರೆ ಪದಗಳು. ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಯೂನಿಕೋಡಿನ ಒಂದೇ ಪ್ರಮಾಣಿತ ರೂಪಕ್ಕೆ ತಂದು ಎರಡನೆಯ ಸಲ ಟಿಕೆಟ್ ಮುಚ್ಚಿದೆ.

ಹತ್ತು ದಿನ ಕಳೆಯುವಷ್ಟರಲ್ಲಿ ‘ಸಾಫ್ಟ್‌ವೇರ್’ ಎಂಬ ಪದ ತಕರಾರು ತೆಗೆಯಿತು. ಅರ್ಧಾಕ್ಷರವಾದ ‘ಟ್’ ಮತ್ತು ‘ವೇ’ಗಳ ನಡುವೆ ಅವು ಒತ್ತಕ್ಷರವಾಗಿ ಬೆಸೆಯದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತವಿರುತ್ತದೆ, ಸೂಚಿ ತಯಾರಿಸಿದವರು ಅದನ್ನು ಹಾಕಿದ್ದರು, ಹುಡುಕುವವರು ಹಾಕುವುದಿಲ್ಲ. ಎರಡೂ ಕಡೆ ಅದನ್ನು ತೆಗೆದುಹಾಕಿ ಹೋಲಿಸುವಂತೆ ಮಾಡಿ ಮೂರನೆಯ ಸಲ ಮುಚ್ಚಿದೆ.

ಈಗ ನಾಲ್ಕನೆಯದು, ಅದೂ ‘ಕರ್ನಾಟಕ’ ಎಂಬ ಪದದಲ್ಲಿಯೇ. ಹಳೆಯ ದಾಖಲೆಗಳಲ್ಲಿ ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನು ಒತ್ತಿ ‘ಕನಾ೯ಟಕ’ ಎಂದು ಟೈಪ್ ಮಾಡಿದ್ದಾರೆ. ಯೂನಿಕೋಡ್‌ಪೂರ್ವ ಫಾಂಟ್‌ಗಳಿಂದ ಪರಿವರ್ತಿಸುವಾಗ ಅರ್ಕಾವತ್ತು ಸ್ಥಳ ತಪ್ಪಿ ‘ಕನಾರ್ಟಕ’ ಆಗಿರುವ ದಾಖಲೆಗಳೂ ಇವೆ. ಅನುಸ್ವಾರದ ಜಾಗದಲ್ಲಿ ಸೊನ್ನೆ ಇರುವ ದಾಖಲೆಗಳಿಗಂತೂ ಲೆಕ್ಕವಿಲ್ಲ.

ನಾಲ್ಕು ದಿನದ ಟಿಕೆಟ್ ಮೂರು ಸ್ಪ್ರಿಂಟ್ (ಕೆಲವು ವಾರಗಳ ಕೆಲಸದ ಸುತ್ತು) ನುಂಗಿದೆ ಎಂದು ಮ್ಯಾನೇಜರ್ ಅಸಮಾಧಾನಗೊಂಡಿದ್ದಾರೆ. ಕೋಡಿನಲ್ಲಿ ದೋಷವೇ ಇಲ್ಲವಾದ್ದರಿಂದ ಮೊದಲ ಸಲವೇ ಕೆಲಸ ಮುಗಿದಿತ್ತು ಎಂದು ರಿವ್ಯೂ ಮಾಡಿದ ಸಹೋದ್ಯೋಗಿ ವಾದಿಸುತ್ತಾರೆ. ಕಪಾಟಿನಲ್ಲಿರುವ ಪುಸ್ತಕ ತೆರೆಯ ಮೇಲೆ ಸಿಗುವವರೆಗೆ ಮುಗಿದಿಲ್ಲ ಎಂಬುದು ಗ್ರಂಥಪಾಲಕರ ನಿಲುವು. ಮೂವರ ಮಾತೂ ನನಗೆ ಸರಿಯೆನಿಸುವುದೇ ಕಷ್ಟವಾಗಿದೆ. ಒಂದು ಟಾಸ್ಕ್ ನಿಜವಾಗಿ ಮುಗಿದಿದೆ ಎಂದು ನೀವು ಯಾವ ಆಧಾರದ ಮೇಲೆ ನಿರ್ಧರಿಸುತ್ತೀರಿ?

ಉತ್ತರ — ಹಳೆ ಕೀಲಿಮಣೆ

ಈ ವೃತ್ತಿಯಲ್ಲಿ ಎರಡು ದಶಕ ಕಳೆದವನಾಗಿ ಮೊದಲು ಹೇಳಬೇಕಾದದ್ದು: ನಿಮ್ಮ ಮೂವರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದಾರೆ, ಆದ್ದರಿಂದ ಮೂವರೂ ಸರಿಯಾಗಿಯೇ ಇದ್ದಾರೆ.

ತಂಡಗಳು ಸಣ್ಣ ಸುತ್ತುಗಳಲ್ಲಿ ಕೆಲಸ ಮಾಡುವ ಸ್ಕ್ರಮ್ ಪದ್ಧತಿಯಲ್ಲಿ ‘ಡೆಫಿನಿಷನ್ ಆಫ್ ಡನ್’, ಅಂದರೆ ‘ಮುಗಿಯಿತು’ ಎಂಬುದರ ವ್ಯಾಖ್ಯೆ, ಎಂಬುದೊಂದಿದೆ. ಕೆನ್ ಶ್ವೇಬರ್ ಮತ್ತು ಜೆಫ್ ಸದರ್ಲೆಂಡ್ ಬರೆದಿರುವ ಸ್ಕ್ರಮ್ ಮಾರ್ಗದರ್ಶಿಯ 2020ರ ಆವೃತ್ತಿ ಅದನ್ನು ತಯಾರಾದ ಉತ್ಪನ್ನದ ಗುಣಮಟ್ಟದ ಕುರಿತ ಬದ್ಧತೆಯೆಂದೇ ಕರೆಯುತ್ತದೆ. ಆ ಮಟ್ಟ ಮುಟ್ಟದ ಕೆಲಸವನ್ನು ಬಿಡುಗಡೆ ಮಾಡುವಂತಿಲ್ಲ, ಸ್ಪ್ರಿಂಟ್ ರಿವ್ಯೂನಲ್ಲಿ ತೋರಿಸುವಂತೆಯೂ ಇಲ್ಲ. ಅದು ಬಾಕಿ ಕೆಲಸಗಳ ಪಟ್ಟಿಯಾದ ಬ್ಯಾಕ್‌ಲಾಗ್‌ಗೆ ಮರಳಬೇಕು. ಕೋಡ್ ರಿವ್ಯೂ ಆಗಿದೆಯೇ, ಟೆಸ್ಟ್ ಬರೆಯಲಾಗಿದೆಯೇ, ದಾಖಲಾತಿ ತಿದ್ದಲಾಗಿದೆಯೇ ಎಂಬಂತಹ, ಎಲ್ಲ ಟಿಕೆಟ್‌ಗಳಿಗೂ ಸಮಾನವಾಗಿ ಅನ್ವಯಿಸುವ ಪ್ರಶ್ನೆಗಳು ಅದರೊಳಗೆ ಬರುತ್ತವೆ. ನಿಮ್ಮ ಸಹೋದ್ಯೋಗಿ ಮಾತನಾಡುತ್ತಿರುವುದು ಇದರ ಬಗ್ಗೆ, ಮತ್ತು ಆ ಅರ್ಥದಲ್ಲಿ ನೀವು ಮೊದಲ ಸಲವೇ ಮುಗಿಸಿದ್ದಿರಿ.

ಗ್ರಂಥಪಾಲಕರು ಕೇಳುತ್ತಿರುವುದು ಇನ್ನೊಂದನ್ನು, ಅಂದರೆ ಈ ಒಂದು ಟಿಕೆಟಿಗೆ ಮಾತ್ರ ಸಂಬಂಧಿಸಿದ ಒಪ್ಪಿಗೆಯ ಷರತ್ತುಗಳನ್ನು. ನಮ್ಮ ಊರುಗಳ ಎಷ್ಟೋ ತಂಡಗಳು ಈ ಎರಡನ್ನೂ ಒಂದೇ ಪಟ್ಟಿಯಲ್ಲಿ ಕಲಸಿ, ಕೊನೆಗೆ ಎರಡರಲ್ಲಿ ಒಂದನ್ನೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ನಿಮ್ಮ ಟಿಕೆಟ್‌ನಲ್ಲಿ ಎರಡನೆಯದು ಇರಲೇ ಇಲ್ಲ. ‘ಹುಡುಕಲು ಸಾಧ್ಯವಾಗಬೇಕು’ ಎಂಬ ವಾಕ್ಯಕ್ಕೆ ತುದಿಯಿಲ್ಲ; ಒಬ್ಬ ಓದುಗನಿಗೆ ಒಂದು ಪುಸ್ತಕ ಸಿಕ್ಕರೂ ಅದು ನಿಜ, ಒಬ್ಬನಿಗೆ ಒಂದು ಸಿಗದಿದ್ದರೂ ಅದು ಸುಳ್ಳು. ಮ್ಯಾನೇಜರ್ ಕೇಳುತ್ತಿರುವುದು ಅಂದಾಜಿನ ಲೆಕ್ಕವನ್ನು. ಅಂತಹ ವಾಕ್ಯವನ್ನು ಹಿಡಿದು ಅಂದಾಜು ಕೊಟ್ಟದ್ದೇ ನಿಮ್ಮ ತಪ್ಪು ಎಂದರೆ ಬೇಸರಿಸಬೇಡಿ, ನಾನೂ ಅದನ್ನು ಎಷ್ಟೋ ವರ್ಷ ಮಾಡಿದ್ದೇನೆ. ಬೆಲ್ ಲ್ಯಾಬ್ಸ್‌ನ ಟಾಮ್ ಕಾರ್ಗಿಲ್ ಅವರದೆಂದು ಹೇಳುವ ಒಂದು ಹಳೆಯ ತಮಾಷೆಯಿದೆ: ಶೇಕಡಾ 90ರಷ್ಟು ಕೋಡ್ ಶೇಕಡಾ 90ರಷ್ಟು ಸಮಯವನ್ನು ತೆಗೆದುಕೊಳ್ಳುತ್ತದೆ, ಉಳಿದ ಶೇಕಡಾ 10 ಇನ್ನೊಂದು 90ನ್ನು ತೆಗೆದುಕೊಳ್ಳುತ್ತದೆ. ನೀವೀಗ ಆ ಎರಡನೆಯ ತೊಂಬತ್ತರಲ್ಲಿದ್ದೀರಿ.

ನನ್ನ ಸಲಹೆ ಹೀಗಿದೆ. ಗ್ರಂಥಪಾಲಕರಿಂದ ಇನ್ನೂರು ಪುಸ್ತಕಗಳ ಹೆಸರು ತೆಗೆದುಕೊಳ್ಳಿ, ಅವರಿಗೆ ಇಷ್ಟ ಬಂದವನ್ನೇ ಅವರು ಆರಿಸಲಿ. ಆ ಇನ್ನೂರೂ ಸಿಕ್ಕ ದಿನ ಟಿಕೆಟ್ ಮುಗಿಯಿತು ಎಂದು ಇಬ್ಬರೂ ಮೊದಲೇ ಬರೆದುಕೊಳ್ಳಿ. ‘ಕನಾ೯ಟಕ’ದಂತಹವನ್ನು ಈ ಟಿಕೆಟ್‌ನಿಂದ ಹೊರಗಿಡಿ, ಅದು ದತ್ತಾಂಶದ ತಪ್ಪು, ಹುಡುಕಾಟದ ತಪ್ಪಲ್ಲ. ತಪ್ಪಾಗಿ ಟೈಪ್ ಮಾಡಿದ್ದನ್ನು ತಿದ್ದುವ ಕೆಲಸಕ್ಕೆ ಬೇರೆ ಟಿಕೆಟ್, ಬೇರೆ ಅಂದಾಜು, ಬೇಕಿದ್ದರೆ ಬೇರೆ ಹಣ.

ಉತ್ತರ — ಪರೀಕ್ಷಕಿ

ಮೇಲಿನ ಉತ್ತರದ ಮೊದಲರ್ಧವನ್ನು ಒಪ್ಪುತ್ತೇನೆ, ಕೊನೆಯ ಪ್ಯಾರಾವನ್ನು ಒಪ್ಪಲಾರೆ.

ಹದಿಮೂರು ವರ್ಷಗಳಿಂದ ಟೆಸ್ಟಿಂಗ್ ಮಾಡುತ್ತಿರುವ ನನಗೆ ‘ಅದು ದತ್ತಾಂಶದ ತಪ್ಪು’ ಎಂಬ ವಾಕ್ಯ ಕೇಳಿಸಿದ ಕೂಡಲೇ ಕಿವಿ ನಿಮಿರುತ್ತದೆ. ಓದುಗರಿಗೆ ಕೋಡ್ ಎಲ್ಲಿ ಮುಗಿದು ದತ್ತಾಂಶ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಕಾಣುವುದಿಲ್ಲ. ಆ ಗೆರೆ ಎಳೆದವರು ನಾವು, ಅದೂ ಹೆಚ್ಚಾಗಿ ನಮಗೆ ಅನುಕೂಲವಾಗುವ ಜಾಗದಲ್ಲಿ. ಕನ್ನಡದ ಹಳೆಯ ದಾಖಲೆಗಳಲ್ಲಿ ಅರ್ಕಾವತ್ತಿಗೆ ಒಂಬತ್ತು, ಅನುಸ್ವಾರಕ್ಕೆ ಸೊನ್ನೆ ಇರುವುದು ಒಬ್ಬ ಟೈಪಿಸ್ಟರ ಎಡವಟ್ಟಲ್ಲ. ಅದು ಇಡೀ ಕನ್ನಡದ ಗಣಕ ಬರಹದಲ್ಲಿ ವರ್ಷಗಟ್ಟಲೆ ಬೆಳೆದುಬಂದ ರೂಢಿ. ಪತ್ರಿಕೆಗಳ ಜಾಹೀರಾತಿನಲ್ಲಿ, ಲಗ್ನಪತ್ರಿಕೆಯಲ್ಲಿ, ಅಂಗಡಿಯ ಬೋರ್ಡಿನಲ್ಲಿ ಅದನ್ನು ನಾವೆಲ್ಲ ನೋಡಿದ್ದೇವೆ. ಕನ್ನಡ ಹುಡುಕಾಟ ಬರೆಯುವವರು ಅದನ್ನು ನಿರೀಕ್ಷಿಸಲೇಬೇಕಾದ ಇನ್‌ಪುಟ್ ಎಂದು ಎಣಿಸದೆ ಹೊರಗಿಟ್ಟರೆ, ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮಲೆನಾಡಿನಲ್ಲಿ ಮನೆ ಕಟ್ಟಿದಂತೆ.

ಮುಗಿದ ಕೆಲಸ ಯಾವುದಕ್ಕೆ ಮುಗಿದಿದೆ ಎಂಬುದನ್ನು ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕ್ಷೇತ್ರದ ಪಾಠ ಯುರೋಪಿನ ಏರಿಯಾನ್ 5 ರಾಕೆಟ್. 1996ರ ಜೂನ್ 4ರಂದು ಆ ರಾಕೆಟ್ ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡುಗಳೊಳಗೆ ನಾಶವಾಯಿತು. ಅದರ ದಿಕ್ಸೂಚಿ ವ್ಯವಸ್ಥೆಯ ತಂತ್ರಾಂಶವನ್ನು ಏರಿಯಾನ್ 4ರಿಂದ ಹಾಗೆಯೇ ತಂದಿದ್ದರು. ಅಲ್ಲಿ ಅದು ವರ್ಷಗಳ ಕಾಲ ಯಾವ ತೊಂದರೆಯೂ ಇಲ್ಲದೆ ಕೆಲಸ ಮಾಡಿತ್ತು, ಯಾರ ಲೆಕ್ಕದಲ್ಲಿಯೂ ಅದು ಮುಗಿದ ಕೋಡ್. ಆದರೆ ಏರಿಯಾನ್ 5ರ ಸಮತಲ ವೇಗ ಬೇಗನೆ ಏರುತ್ತಿತ್ತು. 64 ಬಿಟ್‌ಗಳ ಒಂದು ಸಂಖ್ಯೆಯನ್ನು 16 ಬಿಟ್‌ಗಳ ಪೂರ್ಣಾಂಕಕ್ಕೆ ಇಳಿಸುವಾಗ ಅದು ಹಿಡಿಸದೆ ದಿಕ್ಸೂಚಿ ವ್ಯವಸ್ಥೆ ಕೈಕೊಟ್ಟಿತು. ಇನ್ನೂ ಸಂಕಟದ ಸಂಗತಿಯೆಂದರೆ, ಆ ಲೆಕ್ಕಾಚಾರ ಏರಿಯಾನ್ 5ಕ್ಕೆ ನೆಲಬಿಟ್ಟ ನಂತರ ಬೇಕಾಗಿಯೇ ಇರಲಿಲ್ಲ, ಹಳೆಯ ರಾಕೆಟ್ಟಿನ ಅಗತ್ಯಕ್ಕಾಗಿ ಅದು ಓಡುತ್ತಲೇ ಇತ್ತು. ಬದಲಾಗಿದ್ದು ಕೋಡ್ ಅಲ್ಲ, ಅದರೊಳಗೆ ಬರುವ ಸಂಖ್ಯೆಗಳು. ಹಾಗಾಗಿ ‘ಮುಗಿದಿದೆ’ ಎಂದು ಯಾರಾದರೂ ಹೇಳಿದರೆ ‘ಯಾವ ಇನ್‌ಪುಟ್‌ಗೆ?’ ಎಂದು ಕೇಳುವುದು ನನ್ನ ಅಭ್ಯಾಸ. ಇದರಿಂದ ತಂಡದಲ್ಲಿ ಜನಪ್ರಿಯತೆಯೇನೂ ಬರುವುದಿಲ್ಲ.

ಇನ್ನೂರು ಹೆಸರುಗಳ ಪಟ್ಟಿ ಒಳ್ಳೆಯದೇ, ಆದರೆ ಆರಿಸುವ ಕ್ರಮ ಬದಲಾಗಬೇಕು. ಗ್ರಂಥಪಾಲಕರು ನೆನಪಿನಿಂದ ಬರೆದುಕೊಟ್ಟರೆ ಅವರಿಗೆ ಪ್ರಿಯವಾದ ಪುಸ್ತಕಗಳು ಬರುತ್ತವೆ, ಕಷ್ಟದವು ಬರುವುದಿಲ್ಲ. ನಾನಾದರೆ ಅವರ ಪಕ್ಕದಲ್ಲಿ ಒಂದು ಗಂಟೆ ಕುಳಿತು, ಓದುಗರು ಕೌಂಟರ್‌ಗೆ ಬಂದು ಏನು ಕೇಳುತ್ತಾರೆ ಎಂಬುದನ್ನು ಅವರ ಬಾಯಿಮಾತಿನಲ್ಲಿಯೇ ಬರೆದುಕೊಳ್ಳುತ್ತೇನೆ. ಅನಂತರ ಕಪಾಟಿನಿಂದ ಕಣ್ಣು ಮುಚ್ಚಿ ಒಂದಷ್ಟು ಪುಸ್ತಕ ತೆಗೆದು, ಮುಖಪುಟ ನೋಡಿಕೊಂಡು ಟೈಪ್ ಮಾಡುತ್ತೇನೆ. ದಾಖಲೆಯಿಂದ ನಕಲು ಮಾಡಿ ಅಂಟಿಸುವುದಿಲ್ಲ. ನಕಲು ಮಾಡಿದ ಪದ ತನ್ನ ಕಾಣದ ಸಂಕೇತಗಳನ್ನೂ ಹೊತ್ತುಕೊಂಡೇ ಬರುವುದರಿಂದ ಟೆಸ್ಟ್ ಯಾವಾಗಲೂ ಪಾಸಾಗುತ್ತದೆ. ನಿಮ್ಮ ಟೆಸ್ಟ್‌ಗಳು ಮೊದಲ ದಿನವೇ ಹಸಿರಾದದ್ದು ಇದೇ ಕಾರಣಕ್ಕಿರಬಹುದು. ಫೋನಿನ ಕೀಲಿಮಣೆಯಲ್ಲಿ ಒಮ್ಮೆ, ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರಗಳಿಂದ ಕನ್ನಡ ಮೂಡಿಸುವ ಸಾಧನದಲ್ಲಿ ಒಮ್ಮೆ ಟೈಪ್ ಮಾಡಿ ನೋಡಿ. ‘ರ‍್ಯಾಂಕ್’ ಎಂಬ ಒಂದೇ ಪದ ಮೂರು ಕಡೆ ಮೂರು ರೂಪದಲ್ಲಿ ಬಂದರೆ ಆಶ್ಚರ್ಯಪಡಬೇಡಿ.

ಕೊನೆಯಿಲ್ಲದೆ ಟೆಸ್ಟ್ ಮಾಡುತ್ತಿರಿ ಎಂದು ನಾನು ಹೇಳುತ್ತಿಲ್ಲ. ಟಿಕೆಟ್ ಮುಚ್ಚುವಾಗ ಅದರ ಕೆಳಗೆ ‘ಇದು ಮಾಡುವುದಿಲ್ಲ’ ಎಂದು ಎರಡು ಸಾಲು ಬರೆಯುವ ಪದ್ಧತಿಯನ್ನು ನಮ್ಮ ತಂಡದಲ್ಲಿ ತಂದೆ. ಉದಾಹರಣೆಗೆ, ‘ಸ್ಥಳ ತಪ್ಪಿದ ಅರ್ಕಾವತ್ತಿನ ದಾಖಲೆಗಳು ಈ ಹುಡುಕಾಟದಲ್ಲಿ ಸಿಗುವುದಿಲ್ಲ, ಗ್ರಂಥಪಾಲಕರಿಗೆ ತಿಳಿಸಲಾಗಿದೆ, ಅವರು ಒಪ್ಪಿದ್ದಾರೆ.’ ಮೊದಲು ಡೆವಲಪರ್‌ಗಳು ಇದನ್ನು ತಪ್ಪೊಪ್ಪಿಗೆಯೆಂದು ಭಾವಿಸಿ ಹಿಂಜರಿದರು. ಕ್ರಮೇಣ ಮರುತೆರೆದ ಟಿಕೆಟ್‌ಗಳ ಮೇಲಿನ ಜಗಳ ನಿಂತುಹೋಯಿತು, ಏಕೆಂದರೆ ಬರೆದಿಟ್ಟ ಕೊರತೆ ಎದುರಾದಾಗ ಅದು ಹೊಸ ಕೆಲಸ, ಬರೆಯದ ಕೊರತೆ ಎದುರಾದಾಗ ಹಳೆಯ ಕೆಲಸದ ಬಾಕಿ ಎಂಬುದು ತಾನಾಗಿಯೇ ತೀರ್ಮಾನವಾಗುತ್ತಿತ್ತು.

ಪ್ರತಿಕ್ರಿಯೆ — ಸೂಚಿಕಾರ

ಇಬ್ಬರಿಗೂ ಧನ್ಯವಾದ. ಪರೀಕ್ಷಕಿಯವರ ಊಹೆ ನಿಜ: ನನ್ನ ಟೆಸ್ಟ್‌ಗಳಲ್ಲಿದ್ದ ಪದಗಳೆಲ್ಲ ದಾಖಲೆಯಿಂದಲೇ ನಕಲು ಮಾಡಿ ಅಂಟಿಸಿದಂತಹವು. ಇದನ್ನು ಓದಿದಾಗ ಸ್ವಲ್ಪ ನಾಚಿಕೆಯಾಯಿತು.

ಒಂದು ತಾಂತ್ರಿಕ ಸಂದೇಹ. ಒಂಬತ್ತು ಮತ್ತು ಸೊನ್ನೆಗಳನ್ನು ಸರಿಪಡಿಸುವುದಾದರೆ ಮೂಲ ದಾಖಲೆಯನ್ನೇ ತಿದ್ದಬೇಕೇ, ಹುಡುಕಾಟಕ್ಕೆಂದು ಅದರಿಂದ ತಯಾರಿಸುವ ಇಂಡೆಕ್ಸ್‌ನಲ್ಲಿ ಮಾತ್ರವೇ? ‘೧೯೫೦’ ಎಂಬ ಇಸವಿಯ ಸೊನ್ನೆ ಅನುಸ್ವಾರವಾಗಿಬಿಟ್ಟರೆ ಇರುವುದೂ ಹೋದೀತು. ಇನ್ನೊಂದು ಮಾತು: ಮ್ಯಾನೇಜರ್‌ಗೆ ಈ ಚರ್ಚೆಯನ್ನು ತೋರಿಸಿದೆ. ‘ಷರತ್ತು ಬರೆಯಲು ಒಂದು ಗಂಟೆ ಕುಳಿತರೆ ಅದು ಯಾವ ಟಿಕೆಟ್‌ನ ಲೆಕ್ಕಕ್ಕೆ?’ ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ.

ಉತ್ತರ — ಪರೀಕ್ಷಕಿ

ಮೂಲ ದಾಖಲೆಯನ್ನು ಮುಟ್ಟಬೇಡಿ. ಇಂಡೆಕ್ಸ್‌ಗೆ ಹೋಗುವ ಪ್ರತಿಯನ್ನಷ್ಟೇ ತಿದ್ದಿ, ತಿದ್ದಿದ್ದು ತಪ್ಪಾದರೆ ಅಳಿಸಿ ಮತ್ತೆ ಕಟ್ಟಬಹುದು. ನಿಯಮ ಸರಳವಾಗಿಯೇ ಇರಲಿ. ಸೊನ್ನೆಯ ಅಥವಾ ಒಂಬತ್ತಿನ ಹಿಂದೆ ತಕ್ಷಣ ಕನ್ನಡದ ಅಕ್ಷರವೋ ಗುಣಿತ ಚಿಹ್ನೆಯೋ ಇದ್ದರೆ ಅದು ಅಂಕಿಯಲ್ಲ. ಹಿಂದೆ ಅಂಕಿಯೋ ಖಾಲಿ ಜಾಗವೋ ಇದ್ದರೆ ಅಂಕಿಯೇ. ಸೊನ್ನೆಯಾದರೆ ಇದ್ದ ಜಾಗದಲ್ಲಿಯೇ ಅನುಸ್ವಾರವಾಗುತ್ತದೆ. ಒಂಬತ್ತನ್ನು ತೆಗೆದು, ಅದರ ಹಿಂದಿನ ಇಡೀ ಅಕ್ಷರದ ಮುಂಚೆ ‘ರ್’ ಸೇರಿಸಬೇಕು. ‘ನಾ೯’ ಎಂಬುದು ‘ರ್ನಾ’ ಆಗಬೇಕೇ ಹೊರತು ‘ನಾರ್’ ಆಗಬಾರದು, ಇಲ್ಲವಾದರೆ ಒಂದು ತಪ್ಪನ್ನು ತಿದ್ದಲು ಹೋಗಿ ‘ಕನಾರ್ಟಕ’ ಎಂಬ ನಿಮ್ಮ ಎರಡನೆಯ ತಪ್ಪನ್ನೇ ಹುಟ್ಟಿಸಿದಂತಾಗುತ್ತದೆ. ‘ಭಾಗ೯’ ಎಂದು ಖಾಲಿ ಜಾಗ ಬಿಡದೆ ಬರೆದಿರುವ ಸಂಪುಟಗಳು ಈ ನಿಯಮದಲ್ಲಿ ಕೆಡುತ್ತವೆ. ಅದನ್ನು ‘ಮಾಡುವುದಿಲ್ಲ’ ಪಟ್ಟಿಗೆ ಬರೆಯಿರಿ.

ಮ್ಯಾನೇಜರ್ ಪ್ರಶ್ನೆಗೆ: ಅದೇ ಟಿಕೆಟ್‌ನ ಲೆಕ್ಕಕ್ಕೆ. ಮೂರು ಸ್ಪ್ರಿಂಟ್‌ಗೆ ಲೆಕ್ಕ ಸಿಕ್ಕಿದೆಯಲ್ಲ, ಒಂದು ಗಂಟೆಗೂ ಸಿಗುತ್ತದೆ.

ಉತ್ತರ — ರಾತ್ರಿ ಪಾಳಿ

ನಾನು ಸರ್ವರ್‌ಗಳನ್ನು ನೋಡಿಕೊಳ್ಳುವವನು. ಇಲ್ಲಿಯವರೆಗೆ ಯಾರೂ ಪ್ರೊಡಕ್ಷನ್ (ಬಳಕೆದಾರರಿಗಾಗಿ ನಿಜವಾಗಿ ಓಡುವ ವ್ಯವಸ್ಥೆ) ಎಂಬ ಶಬ್ದವನ್ನೇ ಎತ್ತದಿರುವುದು ನನಗೆ ಹೊಸದೇನಲ್ಲ. ಡೆವಲಪರ್‌ಗಳ ಕೆಲಸ ಕೋಡ್ ಸೇರಿಸಿದಾಗ ಮುಗಿಯುತ್ತದೆ, ಪರೀಕ್ಷಕರ ಕೆಲಸ ವರದಿ ಕೊಟ್ಟಾಗ ಮುಗಿಯುತ್ತದೆ, ರಾತ್ರಿ ಎರಡು ಗಂಟೆಗೆ ಫೋನ್ ಬರುವುದು ಮಾತ್ರ ನನಗೆ.

ನೈಟ್ ಕ್ಯಾಪಿಟಲ್ ಎಂಬ ಅಮೆರಿಕದ ಷೇರು ವ್ಯಾಪಾರ ಸಂಸ್ಥೆಯ ಕಥೆಯನ್ನು ಈ ಪ್ರಶ್ನೆಯ ಎದುರು ಇಡಲೇಬೇಕು. ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರ 2012ರ ಆಗಸ್ಟ್ 1ರಂದು ಆರಂಭಿಸಲಿದ್ದ ಹೊಸ ವ್ಯವಸ್ಥೆಯೊಂದಕ್ಕಾಗಿ ಆ ಸಂಸ್ಥೆ ತನ್ನ ತಂತ್ರಾಂಶವನ್ನು ಬದಲಿಸಿತು. ಹೊಸ ಕೋಡ್ ಎಂಟು ಸರ್ವರ್‌ಗಳಿಗೆ ಹೋಗಬೇಕಿತ್ತು, ಏಳಕ್ಕೆ ಮಾತ್ರ ಹೋಯಿತು. ಎಂಟನೆಯದಕ್ಕೆ ನಕಲು ಮಾಡುವುದು ಮರೆತುಹೋದದ್ದನ್ನು ಇನ್ನೊಬ್ಬರು ಪರಿಶೀಲಿಸುವ ಕ್ರಮವೇ ಇರಲಿಲ್ಲ. ಆ ಎಂಟನೆಯದರಲ್ಲಿ ‘ಪವರ್ ಪೆಗ್’ ಎಂಬ, 2003ರಲ್ಲಿಯೇ ಬಳಕೆ ನಿಲ್ಲಿಸಿದ್ದ ಹಳೆಯ ಕೋಡ್ ಇನ್ನೂ ಉಳಿದಿತ್ತು, ಮತ್ತು ಹೊಸ ಸೌಲಭ್ಯವನ್ನು ಚಾಲೂ ಮಾಡಲು ಆ ಹಳೆಯ ಕೋಡನ್ನು ಚಾಲೂ ಮಾಡುತ್ತಿದ್ದ ಗುರುತನ್ನೇ (ಫ್ಲಾಗ್) ಮರುಬಳಕೆ ಮಾಡಿದ್ದರು. ಬೆಳಿಗ್ಗೆ ಮಾರುಕಟ್ಟೆ ತೆರೆದಾಗ ಏಳು ಸರ್ವರ್‌ಗಳು ಹೊಸ ಕೆಲಸ ಮಾಡಿದವು, ಎಂಟನೆಯದು ಒಂಬತ್ತು ವರ್ಷದ ಹಿಂದಿನ ಹೆಣವನ್ನು ಎಬ್ಬಿಸಿ ಕೂರಿಸಿತು. 45 ನಿಮಿಷಗಳಲ್ಲಿ 212 ಆರ್ಡರ್‌ಗಳಿಗೆ ಪ್ರತಿಯಾಗಿ ಲಕ್ಷಾಂತರ ವ್ಯವಹಾರಗಳು ನಡೆದುಹೋಗಿ, ಸಂಸ್ಥೆ 46 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು.

ನನ್ನಂಥವರ ನಿದ್ದೆಗೆಡಿಸುವ ಭಾಗ ಇನ್ನೂ ಎರಡಿವೆ. ಮಾರುಕಟ್ಟೆ ತೆರೆಯುವ ಮುನ್ನವೇ ಆ ಸಂಸ್ಥೆಯ ವ್ಯವಸ್ಥೆ ದೋಷದ ಹೆಸರನ್ನು ಹೇಳುವ 97 ಇಮೇಲ್‌ಗಳನ್ನು ತಾನಾಗಿಯೇ ಕಳುಹಿಸಿತ್ತು. ಅವು ಎಚ್ಚರಿಕೆಯ ಸಂದೇಶಗಳಾಗಿ ರೂಪಿಸಿದವಲ್ಲವಾದ್ದರಿಂದ ಯಾರೂ ನೋಡಲಿಲ್ಲ. ಗಂಡಾಂತರದ ನಡುವೆ ಅವರು ಮಾಡಿದ ಪರಿಹಾರವೆಂದರೆ, ಸರಿಯಾಗಿದ್ದ ಏಳು ಸರ್ವರ್‌ಗಳಿಂದಲೂ ಹೊಸ ಕೋಡನ್ನು ತೆಗೆದದ್ದು. ಆಗ ಎಂಟೂ ಹಳೆಯ ಕೋಡನ್ನು ಓಡಿಸತೊಡಗಿದವು. ಹಿಂದಕ್ಕೆ ಹೋಗುವ ದಾರಿಯನ್ನು ಮೊದಲೇ ನಡೆದು ನೋಡದಿದ್ದರೆ ಅದು ದಾರಿಯಲ್ಲ, ಗುಂಡಿ.

ಹೊಸ ಕೋಡ್ ಬರೆದವರ ಟಿಕೆಟ್ ಜುಲೈ ಕೊನೆಯಲ್ಲಿಯೇ ‘ಡನ್’ ಆಗಿದ್ದಿರಬೇಕು ಎಂಬುದು ನನ್ನ ಊಹೆ. ಹಳೆಯದನ್ನು ಅಳಿಸುವ ಟಿಕೆಟ್ 2003ರಲ್ಲಿ ಯಾರಾದರೂ ತೆರೆದಿದ್ದರೋ ಇಲ್ಲವೋ.

ನಿಮ್ಮ ಗ್ರಂಥಾಲಯ ಕೋಟಿಗಟ್ಟಲೆ ಕಳೆದುಕೊಳ್ಳುವುದಿಲ್ಲ ಎಂಬುದು ಗೊತ್ತು. ಆದರೂ ಸೂಚಿಕಾರರಿಗೆ ಒಂದೇ ಪ್ರಶ್ನೆ: ಎರಡನೆಯ ಸಲ ಎನ್‌ಎಫ್‌ಸಿ ಬದಲಾವಣೆ ಮಾಡಿದಾಗ ಹಳೆಯ ದಾಖಲೆಗಳನ್ನೆಲ್ಲ ಮತ್ತೆ ಇಂಡೆಕ್ಸ್ ಮಾಡಿದಿರಿ, ಸರಿ. ಮಾಡಿದ ಮೇಲೆ ಎಣಿಸಿದಿರಾ? ಮೂಲದಲ್ಲಿ ಎಷ್ಟು, ಇಂಡೆಕ್ಸ್‌ನಲ್ಲಿ ಎಷ್ಟು?

ಉತ್ತರ — ಬಿಡಿಗುತ್ತಿಗೆ

ಸ್ವತಂತ್ರವಾಗಿ ಕೆಲಸ ಮಾಡುವವರ ಕಡೆಯಿಂದ ಚಿಕ್ಕ ಮಾತು. ಬೆಂಗಳೂರಿನಲ್ಲಿ ಬಣ್ಣ ಬಳಿಯುವುದಕ್ಕೂ ಕಾಂಪೌಂಡ್ ಕಟ್ಟುವುದಕ್ಕೂ ಮುಂಚೆಯೇ ಮುಹೂರ್ತ ಸಿಕ್ಕಿತೆಂದು ಗೃಹಪ್ರವೇಶ ಮಾಡಿ, ಆಮೇಲೆ ಎರಡು ವರ್ಷ ಮೇಸ್ತ್ರಿಯ ಹಿಂದೆ ಅಲೆಯುವವರನ್ನು ನೋಡಿದ್ದೀರಲ್ಲ. ಗಿರಾಕಿಗಳು ನಮ್ಮ ತಂತ್ರಾಂಶಕ್ಕೂ ಹಾಗೆಯೇ ಗೃಹಪ್ರವೇಶ ಮಾಡಿಬಿಡುತ್ತಾರೆ, ಆಮೇಲೆ ಕೊನೆಯ ಕಂತಿನ ಹಣ ತಡೆಹಿಡಿಯುತ್ತಾರೆ. ಆದ್ದರಿಂದ ನನ್ನ ಒಪ್ಪಂದಗಳಲ್ಲಿ ‘ಒಪ್ಪಿಸಿದ 15 ದಿನಗಳೊಳಗೆ ಬರೆದು ತಿಳಿಸದಿದ್ದರೆ ಕೆಲಸವನ್ನು ಸ್ವೀಕರಿಸಿದಂತೆ’ ಎಂಬ ಸಾಲು ಕಡ್ಡಾಯ. ಇದರಿಂದ ಕೆಲಸ ನಿಜವಾಗಿ ಮುಗಿಯುತ್ತದೆ ಎಂದು ನಾನು ಹೇಳುವುದಿಲ್ಲ, ಹಣದ ಲೆಕ್ಕ ಮುಗಿಯುತ್ತದೆ. ಆ ಎರಡನ್ನು ಬೇರೆ ಮಾಡಿಕೊಂಡ ಮೇಲೆ ಗಿರಾಕಿಗಳೊಂದಿಗೆ ಮಾತು ಸಲೀಸಾಯಿತು. ಹದಿನಾರನೆಯ ದಿನ ಬಂದ ಬಗ್‌ಗಳನ್ನು ಎಷ್ಟೋ ಸಲ ಪುಕ್ಕಟೆಯಾಗಿ ಸರಿಮಾಡಿಕೊಟ್ಟಿದ್ದೇನೆ, ಆದರೆ ಅದು ನನ್ನ ಮರ್ಜಿಯಿಂದ.

ಉತ್ತರ — ಪೈ ಪ್ರಿಯ

ಎಲ್ಲರೂ ಗಿರಾಕಿ, ಮ್ಯಾನೇಜರ್, ಸ್ಪ್ರಿಂಟ್ ಎಂದು ಮಾತನಾಡುತ್ತಿರುವುದರಿಂದ ಬೇರೆಯೇ ಒಂದು ಮಾದರಿಯನ್ನು ನೆನಪಿಸುತ್ತೇನೆ. ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರ ‘ಟೆಕ್’ (TeX) ಎಂಬ ಅಕ್ಷರಜೋಡಣೆಯ ತಂತ್ರಾಂಶಕ್ಕೆ ಮೂರನೆಯ ಆವೃತ್ತಿಯ ನಂತರ ಹೊಸ ಸೌಲಭ್ಯ ಸೇರಿಸುವುದಿಲ್ಲ ಎಂದು ಅವರು ತೀರ್ಮಾನಿಸಿದರು. ಅಂದಿನಿಂದ ದೋಷ ತಿದ್ದಿದಾಗಲೆಲ್ಲ ಆವೃತ್ತಿ ಸಂಖ್ಯೆಗೆ ಗಣಿತದ ಪೈಯ (π) ಇನ್ನೊಂದು ಅಂಕಿ ಸೇರುತ್ತದೆ, 2014ರಲ್ಲಿ 3.14159265 ಇದ್ದದ್ದು 2021ರಲ್ಲಿ 3.141592653 ಆಯಿತು. ಏಳು ವರ್ಷಕ್ಕೆ ಒಂದು ಅಂಕಿ. ತಮ್ಮ ಮರಣದ ನಂತರ ಆವೃತ್ತಿಯನ್ನು ಪೈ ಎಂದೇ ಕರೆದು, ಉಳಿದ ಬಗ್‌ಗಳನ್ನೆಲ್ಲ ಸೌಲಭ್ಯಗಳೆಂದು ಪರಿಗಣಿಸಬೇಕೆಂದು ಅವರು ಹೇಳಿದ್ದಾರೆ. ಹೊಸ ದೋಷ ಹುಡುಕಿದವರಿಗೆ ಬಹುಮಾನವನ್ನೂ ಇಟ್ಟಿದ್ದರು. ಅದು ವರ್ಷವರ್ಷವೂ ದ್ವಿಗುಣವಾಗುತ್ತ 327.68 ಡಾಲರಿಗೆ ಬಂದು ನಿಂತಿತು. ಮುಗಿಸುವುದೆಂದರೆ ದೋಷಗಳು ಖಾಲಿಯಾಗುವುದು ಎಂದು ಅವರು ತಿಳಿದಿಲ್ಲ. ಇನ್ನು ಬೆಳೆಸುವುದಿಲ್ಲ ಎಂದು ಪಣ ತೊಡುವುದನ್ನೇ ಮುಗಿಸುವುದು ಎಂದುಕೊಂಡಿದ್ದಾರೆ.

ಪ್ರತಿಕ್ರಿಯೆ — ಹಳೆ ಕೀಲಿಮಣೆ

ಸುಂದರವಾದ ಉದಾಹರಣೆ, ಆದರೆ ಕ್ನೂತ್ ಅವರಿಗೆ ತಮ್ಮ ಕೆಲಸವನ್ನು ತಾವೇ ನಿಲ್ಲಿಸುವ ಅಧಿಕಾರವಿತ್ತು. ಐದು ಜನರ ತಂಡದ ಡೆವಲಪರ್ ಸೋಮವಾರದ ಸ್ಟ್ಯಾಂಡಪ್ ಸಭೆಯಲ್ಲಿ ‘ಉಳಿದ ಬಗ್‌ಗಳೆಲ್ಲ ಸೌಲಭ್ಯಗಳು’ ಎಂದು ಘೋಷಿಸಿದರೆ ಆವೃತ್ತಿಗಿಂತ ಮುಂಚೆ ಅವರ ಕೆಲಸವೇ ಪೈ ಆಗುತ್ತದೆ.

ಪರೀಕ್ಷಕಿಯವರಿಗೆ: ಒಂಬತ್ತು ಮತ್ತು ಸೊನ್ನೆಯ ವಿಷಯದಲ್ಲಿ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಅವು ಊಹಿಸಬಹುದಾದ, ನಿಯಮಕ್ಕೆ ಸಿಗುವ ಇನ್‌ಪುಟ್‌ಗಳು. ಆದ್ದರಿಂದ ಹುಡುಕಾಟದ ಹೊಣೆಯೇ. ಸ್ಥಳ ತಪ್ಪಿದ ಅರ್ಕಾವತ್ತನ್ನು ಮಾತ್ರ ಹೊರಗಿಡಬೇಕೆಂದು ಈಗಲೂ ಹೇಳುತ್ತೇನೆ. ‘ಕನಾರ್ಟಕ’ ತಪ್ಪು ಎಂದು ಕನ್ನಡ ಬಲ್ಲ ಮನುಷ್ಯನಿಗೆ ಗೊತ್ತಾಗುತ್ತದೆ. ಕೋಡಿಗೆ ಅದು ತಿಳಿಯಬೇಕಾದರೆ ನಿಘಂಟೇ ಬೇಕು. ಅದು ನಾಲ್ಕು ದಿನದ ಟಿಕೆಟ್ ಅಲ್ಲ.

ಪ್ರತಿಕ್ರಿಯೆ — ಸೂಚಿಕಾರ

ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ರಾತ್ರಿ ಪಾಳಿಯವರ ಪ್ರಶ್ನೆಯನ್ನು ಓದಿದ ದಿನವೇ ಎಣಿಸಿದೆ. ಇಂಡೆಕ್ಸ್‌ನಲ್ಲಿ ಮೂಲಕ್ಕಿಂತ ಸಾವಿರಕ್ಕೂ ಹೆಚ್ಚು ದಾಖಲೆಗಳು ಕಡಿಮೆಯಿದ್ದವು. ಎನ್‌ಎಫ್‌ಸಿ ಬದಲಾವಣೆಯ ನಂತರ ಮರು ಇಂಡೆಕ್ಸ್ ಮಾಡುವಾಗ ಒಂದು ಕಂತು ನಡುವೆಯೇ ನಿಂತುಹೋಗಿ, ಮುಂದಿನ ಕಂತು ಏನೂ ಆಗದಂತೆ ಮುಂದುವರಿದಿತ್ತು. ಲಾಗ್‌ನಲ್ಲಿ ಅದರ ಸಾಲು ಸ್ಪಷ್ಟವಾಗಿಯೇ ಇತ್ತು, ನಾನು ತೆರೆದು ನೋಡಿರಲಿಲ್ಲ. ಅಂದರೆ ಮೂರನೆಯ ಸಲ ‘ಮುಗಿಯಿತು’ ಎಂದಾಗ ಎರಡನೆಯದೇ ಮುಗಿದಿರಲಿಲ್ಲ. ಈಗ ಮರು ಇಂಡೆಕ್ಸ್ ಕೊನೆಗೊಂಡಾಗ ಎರಡೂ ಸಂಖ್ಯೆಗಳನ್ನು ಹೋಲಿಸಿ, ವ್ಯತ್ಯಾಸವಿದ್ದರೆ ಹಳೆಯ ಇಂಡೆಕ್ಸನ್ನೇ ಉಳಿಸಿಕೊಳ್ಳುವ ಪರಿಶೀಲನೆ ಸೇರಿಸಿದ್ದೇನೆ, ಮತ್ತು ಹಳೆಯದಕ್ಕೆ ಮರಳುವುದನ್ನು ಒಂದು ಸಲ ಮಾಡಿಯೂ ನೋಡಿದ್ದೇನೆ.

ಗ್ರಂಥಪಾಲಕರ ಪಕ್ಕದಲ್ಲಿ ಒಂದು ಗಂಟೆ ಎಂದು ಹೋದವನು ಮೂರು ಗಂಟೆ ಕುಳಿತೆ. ಓದುಗರು ಹೆಚ್ಚಾಗಿ ಪುಸ್ತಕದ ಹೆಸರನ್ನೇ ಹೇಳುವುದಿಲ್ಲ, ಲೇಖಕರ ಹೆಸರನ್ನೋ ‘ಆ ಹಸಿರು ರಟ್ಟಿನ ಕಾದಂಬರಿ’ ಎಂದೋ ಕೇಳುತ್ತಾರೆ ಎಂಬುದು ಅಲ್ಲಿ ತಿಳಿಯಿತು. ರಟ್ಟಿನ ಬಣ್ಣವನ್ನು ನಗುತ್ತಲೇ ‘ಮಾಡುವುದಿಲ್ಲ’ ಪಟ್ಟಿಯ ಮೊದಲ ಸಾಲಿಗೆ ಬರೆದುಕೊಂಡೆವು. ಸ್ಥಳ ತಪ್ಪಿದ ಅರ್ಕಾವತ್ತು ಎರಡನೆಯ ಸಾಲು, ‘ಭಾಗ೯’ ಮೂರನೆಯದು. ಲೇಖಕರ ಹೆಸರಿನ ಹುಡುಕಾಟ ಹೊಸ ಟಿಕೆಟ್ ಆಯಿತು. ಈ ಸಲ ಮ್ಯಾನೇಜರ್ ತಾವಾಗಿಯೇ ‘ಮೊದಲು ಷರತ್ತು ಬರೆದುಕೊಂಡು ಬಾ, ಅಂದಾಜು ಆಮೇಲೆ ಕೊಡು’ ಎಂದರು.

ನಿನ್ನೆ ಕೊನೆಯ ಪರೀಕ್ಷೆಗೆ ಗ್ರಂಥಪಾಲಕರು ಮತ್ತೆ ‘ಕೊಡಗು’ ಎಂದೇ ಟೈಪ್ ಮಾಡಿದರು, ತಮ್ಮ ಫೋನಿನಲ್ಲಿ. ಬಂದ ಪಟ್ಟಿಯನ್ನು ಹಿಡಿದು ಕಪಾಟಿನ ಮುಂದೆ ನಿಂತು ಒಂದೊಂದಾಗಿ ಬೆರಳಿಟ್ಟು ತಾಳೆ ನೋಡಿದರು. ಒಂದು ಪುಸ್ತಕ ಕಪಾಟಿನಲ್ಲಿ ಹೆಚ್ಚಿತ್ತು. ನನ್ನ ಎದೆ ಮತ್ತೆ ಧಸಕ್ಕೆಂದಿತು. ಅವರು ಅದನ್ನು ತೆಗೆದು ಒಳಪುಟ ತಿರುವಿ ನೋಡಿದರೆ ಅದಕ್ಕೆ ಗ್ರಂಥಾಲಯಕ್ಕೆ ಸೇರಿದಾಗ ಕೊಡುವ ಪರಿಗ್ರಹಣ ಸಂಖ್ಯೆಯನ್ನೇ ಹಾಕಿರಲಿಲ್ಲ, ಸೂಚಿಗೆ ಅದು ಸೇರಿಯೇ ಇರಲಿಲ್ಲ. ‘ಇದು ನಿಮ್ಮ ಟಿಕೆಟ್ ಅಲ್ಲ, ನನ್ನದು’ ಎಂದು ಹೇಳಿ, ಪುಸ್ತಕವನ್ನು ತಮ್ಮ ಮೇಜಿನ ಮೇಲಿಟ್ಟುಕೊಂಡರು.